ಕಪ್ಪು ಐದರ ಷಡ್ಜ

ಅಪ್ಪಾ,

ನನ್ನ ಹಾಡು ಬಿಡಿಸಿದವನು ನೀನು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಾಗೇ ಓದಿಕೋ.

ತಿಕೋಟಾದ ಮನೆಯ ಪಡಸಾಲೆಯಲ್ಲಿ ಭಜನೆ ಕಲಿಸುತ್ತಿದ್ದೆಯಲ್ಲ, ನೆನಪಿದೆಯೇ? ನಾನು ಬಾಯಿ ತೆರೆದರೆ ಸಾಕು, ನಿನ್ನ ಹಾರ್ಮೋನಿಯಂ ಪೇಟಿ ನಿಲ್ಲುತ್ತಿತ್ತು. ಗಾಂಧಾರ ಇಳಿಯಿತು ಅನ್ನುತ್ತಿದ್ದೆ. ಮತ್ತೆ ಹಾಡಿದರೆ ಮತ್ತೆ ಅದೇ. ಕಡೆಗೊಂದು ದಿನ ಎಲ್ಲರೆದುರು ಹೇಳಿಬಿಟ್ಟೆ: "ನಿನ್ನ ಕಿವ್ಯಾಗ ಸೂರ ಇಲ್ಲವ್ವಾ. ತಾಳ ಹಾಕು, ಸಾಕು." ಹಾಕಿದೆ. ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೂ ಅಡುಗೆಮನೆಯಲ್ಲಿ ಒಂದು ಸಾಲು ಗುನುಗಲಿಲ್ಲ ನಾನು. ಅಷ್ಟು ನಂಬಿದ್ದೆ ನಿನ್ನನ್ನು.

ಹೋದ ತಿಂಗಳು ಗೆಳತಿಯೊಬ್ಬಳು ಪುಣೆಯಿಂದ ಒಂದು ಕೀಬೋರ್ಡ್ ತಂದುಕೊಟ್ಟಳು. ಜೇನುಹುಟ್ಟಿನಂತೆ ಆರು ಮೂಲೆಯ ಕೀಗಳು. ಒಂದೊಂದನ್ನೂ ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ನೀನು ತೀರಿಕೊಂಡ ಮೇಲೆ ನನ್ನ ಮನೆಗೆ ಬಂದ ನಿನ್ನ ಪೇಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸ್ವರ ಕೇಳಿ ಇದರಲ್ಲಿ ಕೂಡಿಸಿದೆ. ನಿನ್ನ ಷಡ್ಜ ಕಪ್ಪು ಒಂದು, ಅಂದರೆ ಪೇಟಿಯ ಮೊದಲ ಕಪ್ಪು ಕೀ. ಅಲ್ಲಿಂದ ನುಡಿಸಿದಾಗ ಎಷ್ಟು ಚೆಂದ ಕೇಳಿಸಿತೆಂದರೆ ಅಳು ಬಂತು. ನನ್ನ ಗಂಟಲಿಗೆ ಹೊಂದುವುದು ಕಪ್ಪು ಐದು. ಅದೇ ಜೋಡಣೆಯನ್ನು ಅಲ್ಲಿಂದ ನುಡಿಸಿದರೆ ಗಾಂಧಾರ ಮೇಲೇರಿ ನಿಂತಿದೆ. ಏರಿದ್ದು ನಿನ್ನ ಪೇಟಿ, ಇಳಿದದ್ದು ನಾನಲ್ಲ.

ಬಬಲೇಶ್ವರಕ್ಕೆ ಹೋಗಿ, ನಿನ್ನ ಜೊತೆ ಹಾಡುತ್ತಿದ್ದ ಕಾಕಾನನ್ನು ಕೇಳಿದೆ. ಸ್ವರ ಹೊರಡಿಸುವ ರೀಡುಗಳನ್ನು ಕೆರೆದು ಕೆರೆದು ಪೇಟಿಯನ್ನು ನಿನ್ನ ಗಂಟಲಿಗೇ ಹೊಂದಿಸಿಕೊಂಡಿದ್ದೆಯಂತೆ. ಬೇರೆ ಷಡ್ಜದವರಿಗೆ ಅದು ಕೂಡುತ್ತಿರಲಿಲ್ಲವಂತೆ. ಅಪ್ಪನಿಗೆ ಗೊತ್ತಿತ್ತೇ ಎಂದೆ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ಗೊತ್ತಿತ್ತವ್ವಾ. ಮತ್ತ ಕೆರದ್ರ ತನ್ನ ಸೂರ ಹೋಗತೈತಿ ಅಂತಿದ್ದ."

ಮಗಳ ಕಿವಿ ಕೆಟ್ಟಿದೆ ಎನ್ನುವುದು ಅಷ್ಟು ಸುಲಭವಾಯಿತೇ ನಿನಗೆ? ಒಮ್ಮೆ, ಒಂದೇ ಒಮ್ಮೆ ಪೇಟಿ ಬದಿಗಿಟ್ಟು ಹಾಡು ಎಂದಿದ್ದರೆ...

ಈ ಕೀಬೋರ್ಡಿನಲ್ಲಿ ಏನನ್ನೂ ಕೆರೆಯಬೇಕಿಲ್ಲ. ಸ್ವರಗಳ ನಡುವಿನ ಅಂತರ ಕೆಡದಂತೆ ನಿನ್ನ ಜೋಡಣೆಯನ್ನು ಇಡಿಯಾಗಿ ಎತ್ತಿ ಕಪ್ಪು ಐದಕ್ಕೆ ಸರಿಸಿದೆ. ಬೆರಳು ಓಡುವ ದಾರಿಯೂ ಅದೇ. ನಿನ್ನದನ್ನು ಅಳಿಸಿಲ್ಲ, ಅದೂ ತನ್ನ ಜಾಗದಲ್ಲಿದೆ. ಅಷ್ಟು ಸಿಟ್ಟಿದ್ದರೂ ಅಳಿಸಲು ಕೈ ಬರಲಿಲ್ಲ. ನಿನ್ನೆ ಮಧ್ಯಾಹ್ನ ಕದ ತೆರೆದಿಟ್ಟೇ ಹಾಡಿದೆ. ಗಾಂಧಾರ ತಾನಾಗಿ ಬಂದು ಕೂತಿತು.

ಸೋಮವಾರ ತಿಕೋಟಾದ ಭಜನೆಯಲ್ಲಿ ಮೊದಲ ಪದ ನನ್ನದು. ಅವ್ವ ಮುಂದೆಯೇ ಕೂರುತ್ತಾಳಂತೆ. ನೀನೂ ಇರಬೇಕಿತ್ತು ಅಪ್ಪಾ. ಆಗ ನಿನ್ನ ಮುಖ ಹೇಗಾಗುತ್ತಿತ್ತೋ, ಅದನ್ನು ನೋಡುವುದಿತ್ತು ನನಗೆ.