ಕೆಂಪು ಮುಚ್ಚಳದ ಸಿರಿಂಜ್

ಫೆಬ್ರವರಿ 6, 2012, ಸೋಮವಾರ
ಬೆಳಿಗ್ಗೆ ಒಂಬತ್ತು ಕೇಸ್. ನಾಲ್ಕು ಲಸಿಕೆ, ಮೂರು ವಾಂತಿ-ಭೇದಿ, ಒಂದು ಕಿವಿ. ಒಬ್ಬಾಕೆ ಬೆಕ್ಕಿಗೆ ಜ್ವರವೆಂದು ತನ್ನದೇ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ತಿನ್ನಿಸಿ ತಂದಿದ್ದಳು. ಬೆಕ್ಕಿಗೆ ಅದು ವಿಷ. ನಮಗೆ ಆಗುವುದೆಲ್ಲ ಪ್ರಾಣಿಗೂ ಆಗುತ್ತದೆಂಬ ನಂಬಿಕೆ ಡೊಂಬಿವಲಿಯಲ್ಲಿ ಬಲು ಗಟ್ಟಿ.

ಸಂಜೆ ಕಲ್ಯಾಣದಿಂದ ಪ್ರೇಮನಾಥರು, ಅವರ ಹೆಂಡತಿ ವಸಂತಿ. ಸ್ಟೇಷನ್ ಹತ್ತಿರ ಹೋಟೆಲು, ಉಡುಪಿ ಕಡೆಯವರು. ಕನ್ನಡ ಮಾತಾಡುವ ಡಾಕ್ಟರು ಎಂದು ಇಲ್ಲಿಯವರೆಗೆ ಬರುತ್ತಾರೆ. ನಾಯಿ ಚಿಂಟೂ, ಪಾಮೆರೇನಿಯನ್, ಒಂಬತ್ತು ವರ್ಷ, ಹನ್ನೊಂದು ಕೆಜಿ — ಮಸಾಲೆದೋಸೆ ತಿಂದು ಬೆಳೆದ ದೇಹ. ಶುಗರ್ 412. ಪ್ರೇಮನಾಥರಿಗೂ ಶುಗರ್. ಸೂಜಿ ಕಂಡರೆ ಕಣ್ಣು ಮುಚ್ಚುವ ಗಂಡ; ಆರು ವರ್ಷದಿಂದ ಚುಚ್ಚುವವರು ವಸಂತಿ.

“ಮನೆಯಲ್ಲಿ ಇವರ ಇನ್ಸುಲಿನ್ ಉಂಟಲ್ಲ ಡಾಕ್ಟ್ರೇ, ಅದೇ ಆಗ್ತದಾ?”

ಬಾಟಲಿ ತೋರಿಸಿದರು. ಆಗುವಂಥದ್ದೇ. ಒಂದೇ ಬಾಟಲಿ ಸಾಕು ಎಂದೆ. ಕೆಜಿಗೆ ಅರ್ಧ ಯೂನಿಟ್ ಲೆಕ್ಕ. ಬರೆದುಕೊಟ್ಟೆ: ಕೆಂಪು ಮುಚ್ಚಳದ ಸಿರಿಂಜ್, 5ರ ಗೆರೆಯವರೆಗೆ, ಬೆಳಿಗ್ಗೆ-ಸಂಜೆ, ಊಟವಾದ ಮೇಲೆ.

ಫೆಬ್ರವರಿ 20
ಚಿಂಟೂ ಶುಗರ್ 178. ನೀರು ಕುಡಿಯುವುದು ಕಡಿಮೆಯಾಗಿದೆ. ವಸಂತಿಯವರ ಕೈ ನನ್ನ ಕೈಗಿಂತ ಹಗುರ. ಹೇಳಿದೆ. ನಕ್ಕರು.

ಮಾರ್ಚ್ 17, ಶನಿವಾರ
ಬೆಳಿಗ್ಗೆ 8.40. ಶಟರ್ ಎತ್ತುವಷ್ಟರಲ್ಲಿ ರಿಕ್ಷಾ. ವಸಂತಿ, ಮಗಳು ಅನಘ. ಮಗಳ ಮಡಿಲಲ್ಲಿ ಚಿಂಟೂ, ಮೈಯೆಲ್ಲ ಸೆಟೆದು ಫಿಟ್ಸ್. ಶುಗರ್ 24. ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ನಿಧಾನ ಹತ್ತಿಸಿದೆ. ಫಿಟ್ಸ್ ನಿಂತಿತು, ಮತ್ತೆ ಬಂತು. 11.15ಕ್ಕೆ ಜೀವ ಹೋಯಿತು.

ವಸಂತಿ ಇನ್ಸುಲಿನ್ ಡಬ್ಬಿ ತಂದಿದ್ದರು. ಬಾಟಲಿ ಹೊಸದು, ಮೇಲೆ 100 ಎಂದಿದೆ, ಅಂದರೆ ಒಂದು ಎಂಎಲ್‌ಗೆ ನೂರು ಯೂನಿಟ್. ಹಳೆಯದು 40. ಪ್ರೇಮನಾಥರ ಡಾಕ್ಟರು ಈ ವಾರ ಬದಲಿಸಿದ್ದರಂತೆ. ಅವರಿಗೆ ಹೊಸ ಕಿತ್ತಳೆ ಮುಚ್ಚಳದ ಸಿರಿಂಜ್; ಅದು 100ರ ಬಾಟಲಿಯ ಅಳತೆ. ಚಿಂಟೂಗೆ ಮಾತ್ರ ಹಳೆಯ ಕೆಂಪು. ಕೆಂಪು 40ರ ಬಾಟಲಿಗಷ್ಟೇ. ಅದೇ ಗೆರೆಗೆ ಹೊಸ ಮದ್ದು ಎಳೆದರೆ ಐದಲ್ಲ, ಹನ್ನೆರಡೂವರೆ ಯೂನಿಟ್. ನಿನ್ನೆ ಸಂಜೆ ಒಂದು, ಇವತ್ತು ಬೆಳಿಗ್ಗೆ ಒಂದು.

ಇಷ್ಟನ್ನೂ ಅವರಿಗೆ ವಿವರಿಸಿದೆ. “ಹಾಗಾದ್ರೆ ನಾನೇ ಕೊಂದದ್ದು,” ಎಂದರು. ನಾನು ಕೈ ತೊಳೆಯಲು ಹೋದೆ.

ಮಾರ್ಚ್ 18
ರಜೆ. ಫೈಲಿನಲ್ಲಿ ಚೀಟಿಯ ಕಾರ್ಬನ್ ಪ್ರತಿ ಇತ್ತು. ಕೆಂಪು ಮುಚ್ಚಳ, 5ರ ಗೆರೆ. 40 ಎಂದು ಎಲ್ಲಿಯೂ ಇಲ್ಲ. ಬಾಟಲಿ ಬದಲಾದರೆ ಕೇಳಿ ಎಂದೂ ಇಲ್ಲ. ಅವರು ನಾನು ಬರೆದದ್ದನ್ನು ಅಕ್ಷರಶಃ ಮಾಡಿದ್ದಾರೆ.

ಬಾಟಲಿ ಬದಲಿಸಿದ್ದು ನಾನಲ್ಲ, ನಿಜ. ಒಂದೇ ಬಾಟಲಿ ಸಾಕು ಎಂದದ್ದು ಯಾರು?

ಫೈಲ್ ಮುಚ್ಚಿದೆ.

ಮಾರ್ಚ್ 22
ಎರಡು ಸಲ ವಸಂತಿಯವರ ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ.

ಮಾರ್ಚ್ 28, ಮಧ್ಯಾಹ್ನ
ಅನಘಳ ಫೋನ್. “ಅಂಕಲ್, ಮಮ್ಮಿ ಸಿರಿಂಜ್ ಕೋ ಹಾಥ್ ಹೀ ನಹೀ ಲಗಾತೀ.” ಹನ್ನೊಂದು ದಿನದಿಂದ ವಸಂತಿ ಸಿರಿಂಜ್ ಮುಟ್ಟಿಲ್ಲ, ಗಂಡನಿಗೂ ಚುಚ್ಚಿಲ್ಲ. ತನ್ನ ಕೈ ಸರಿಯಿಲ್ಲ ಎನ್ನುತ್ತಾರಂತೆ. ಪ್ರೇಮನಾಥರು ದವಾಖಾನೆಗೆ ಹೋಗಿ ಹಾಕಿಸಿಕೊಳ್ಳುತ್ತೇನೆ ಎನ್ನುತ್ತಾರೆ, ಗಲ್ಲಾದ ಮುಂದೆ ಕೂತು ಮರೆಯುತ್ತಾರೆ. ನಿನ್ನೆ ಶುಗರ್ 386. ಕಣ್ಣು ಮಂಜು. “ಆಪ್ ಸಮಝಾಓ ನಾ.” ನಾನು ತಿಳಿಹೇಳಬೇಕಂತೆ.

ಒಂದು ನಾಯಿ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಆ ಮಾತೂ ನಡೆಯುವುದಿಲ್ಲ.

ಮಾರ್ಚ್ 29, ಗುರುವಾರ
ಕ್ಲಿನಿಕ್ ಅರ್ಧ ದಿನ ಬಂದ್. ಕಲ್ಯಾಣ. ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಕಾರ್ಬನ್ ಪ್ರತಿಯನ್ನು ವಸಂತಿಯವರ ಮುಂದೆ ಇಟ್ಟೆ.

“ನೀವು ತಪ್ಪು ಮಾಡಲಿಲ್ಲ ವಸಂತಿಯವರೇ. ಬರೆದದ್ದರಲ್ಲೇ ತಪ್ಪುಂಟು. ಬರೆದವನು ನಾನು.”

ಓದಿದರು. ಇನ್ನೊಮ್ಮೆ ಓದಿದರು.

“ಇದು ಯಾವಾಗ ಗೊತ್ತಾಯ್ತು ನಿಮಗೆ?”

“ಮಾರನೇ ದಿನವೇ.”

“ಹನ್ನೆರಡು ದಿನ ಆಯ್ತಲ್ಲ ಮಾರಾಯ್ರೇ!”

ಹೆದರಿದ್ದೆ ಎಂದೆ. ಬೇರೆ ಕಾರಣವಿರಲಿಲ್ಲ. ವಸಂತಿ ಒಳಗೆ ಹೋಗಿ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು.

“ನಾಳೆಯಿಂದ ಇವರಿಗೆ ನೀವೇ ಬಂದು ಕೊಡಿ.”

“ನಾನು ಪ್ರಾಣಿಗಳ ಡಾಕ್ಟರು, ಮನುಷ್ಯರಿಗೆ—”

“ಗೊತ್ತುಂಟು. ಏಳು ಗಂಟೆಗೆ ಬನ್ನಿ.”

ಮಾರ್ಚ್ 30, ರೈಲಿನಲ್ಲಿ, 7.50
ಹೋಗಿದ್ದೆ. ಪ್ರೇಮನಾಥರು ಬನಿಯನ್ ಎತ್ತಿ, ಕಣ್ಣು ಮುಚ್ಚಿ ಕೂತಿದ್ದರು. ವಸಂತಿ ಪಕ್ಕದಲ್ಲಿ ನಿಂತು ಒಂದೊಂದೇ ಕೇಳಿದರು, ನಾನು ಓದಿ ಹೇಳಬೇಕು. ಬಾಟಲಿ? ನೂರು. ಸಿರಿಂಜ್? ನೂರು, ಕಿತ್ತಳೆ. ಎಷ್ಟು? ಅವರ ಡಾಕ್ಟರ ಚೀಟಿ ನೋಡಿ ಹದಿನಾಲ್ಕು ಎಂದೆ. ಎಳೆದೆ. ಗುಳ್ಳೆ ಬಂತು. ಮತ್ತೆ ಎಳೆದೆ. ಹಸುವಿಗೆ, ಕುದುರೆಗೆ, ಒಮ್ಮೆ ಸರ್ಕಸ್ಸಿನ ಆನೆಗೂ ಚುಚ್ಚಿದ ಕೈ ಇದು. ಹದಿನಾಲ್ಕರ ಗೆರೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ಹದಿಮೂರು, ಒಮ್ಮೆ ಹದಿನಾರು. ವಸಂತಿ ಅದನ್ನೇ ನೋಡುತ್ತಿದ್ದರು, ಬಹಳ ಹೊತ್ತು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ನನ್ನ ಕೈಯಿಂದ ಸಿರಿಂಜ್ ತೆಗೆದುಕೊಂಡು, “ಸ್ವಲ್ಪ ಆಚೆ ನಿಲ್ಲಿ ಡಾಕ್ಟ್ರೇ,” ಎಂದು ತಾವೇ ಹದಿನಾಲ್ಕಕ್ಕೆ ಎಳೆದು ಗಂಡನಿಗೆ ಚುಚ್ಚಿದರು.