ಗಾಣದ ತೊಟ್ಟಿಯಲ್ಲಿ ವಿಮಾನದ ಬಾಲ

ಏಪ್ರಿಲ್ 17, ಬೆಳಗ್ಗೆ 7
ಮತ್ತೆ ಕರೆಂಟ್ ಇಲ್ಲ. ಮತ್ತೆ ಕೊಡದಲ್ಲಿ ನೀರು ಹೊತ್ತು ತೊಟ್ಟಿಗೆ ಸುರಿದದ್ದಾಯಿತು. ಅಂಕಲಿ ಹತ್ತಿರ ಕೃಷ್ಣೆಯ ಹೂಳಿನಿಂದ ಈ ಬಾಲ ಮೇಲೆತ್ತಿದ್ದು ಮೊನ್ನೆ. ಯುದ್ಧಕಾಲದ ವಿಮಾನ, ಎಂಬತ್ತು ವರ್ಷ ನೀರಲ್ಲೇ ಇದ್ದದ್ದು. ಒಣಗಿದರೆ ಬಣ್ಣ ಹಪ್ಪಳದ ಹಾಗೆ ಎದ್ದುಬರುತ್ತದೆ. ಮ್ಯೂಸಿಯಂ ಟ್ರಕ್ ಬರುವವರೆಗೆ ಮುಳುಗಿಸಿಯೇ ಇಡಬೇಕು. ಅಷ್ಟು ದೊಡ್ಡ ಸಿಮೆಂಟ್ ತೊಟ್ಟಿ ಇದ್ದದ್ದು ಬಾಬಾಸಾಹೇಬರ ಬೆಲ್ಲದ ಗಾಣದಲ್ಲಿ. ಸೀಸನ್ ಮುಗಿದಿದೆ, ಕೊಟ್ಟರು. ಬಾಡಿಗೆ ಬೇಡವಂತೆ. ಸಲಹೆ ಮಾತ್ರ ಗಂಟೆಗೊಂದು, ಪುಕ್ಕಟೆ.

ಏಪ್ರಿಲ್ 19
ಬಾಬಾಸಾಹೇಬರ ಸೋದರತ್ತೆ ಗಿರಿಜವ್ವ ಬಂದಿದ್ದರು. ತೊಂಬತ್ತರ ಹತ್ತಿರ. ಕಟ್ಟೆ ಹಿಡಿದು ಬಗ್ಗಿ ನೋಡಿದರು.
"ನಮ್ಮಣ್ಣ ಸಿದರಾಯಂದ ಏನವಾ ಇದು?"
ಅವರಣ್ಣ ಯುದ್ಧವಿಮಾನದಲ್ಲಿ ವೈರ್‌ಲೆಸ್ ಕೆಲಸದವನು. ಮಹಾಪೂರದ ದಿನ ಹಾರಿ ಹೋದವನು ಬರಲೇ ಇಲ್ಲ. ಅದೇ ಮಳೆಗಾಲ ಈ ಕಡೆ ಎರಡು ವಿಮಾನ ಕಾಣೆ. ಎರಡರ ನಂಬರೂ, ಅವರಣ್ಣ ಇದ್ದದ್ದು ಯಾವುದರಲ್ಲಿ ಎಂಬುದೂ ನಮ್ಮ ಮ್ಯೂಸಿಯಂ ದಾಖಲೆಯಲ್ಲಿವೆ. ಬಾಲದ ಮೇಲಿನದು ಓದಿದರೆ ಸಾಕು... ಆದರೆ ಮೇಲೆಲ್ಲ ಹೂಳಿನ ಪದರ.
"ನಮ್ಮವ್ವ ಸಾಯೂತನಕ ಅಂವಗ ಎಡಿ ಇಡಾಕ ಬಿಡಲಿಲ್ಲ. ಸತ್ತವ್ರಿಗೆ ಇಡೂದದು, ನನ್ನ ಮಗಾ ಬರ್ತಾನ ಅಂತಿದ್ಳು. ಅಂವಂದ ಆದ್ರ ಈ ಅಮಾಸಿಗೆ ಇಡ್ತೀನಿ."
"ಓದದೆ ಏನೂ ಹೇಳಲ್ಲ ಅಜ್ಜಿ" ಅಂದೆ. ನನ್ನ ಸ್ವಭಾವವೇ ಅದು. ಕಂಡದ್ದು ಬಿಟ್ಟು ಒಂದಕ್ಷರ ಆಚೆ ಹೋಗಲ್ಲ.

ಏಪ್ರಿಲ್ 22
ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇಡೀ ದಿನ ಬ್ರಶ್ ಆಡಿಸಿ ಒಂದಂಕಿ ಬಂತು — 7. ಎರಡೂ ವಿಮಾನದ ನಂಬರು 7ರಿಂದಲೇ ಶುರು. ನನ್ನ ಕರ್ಮ. ನೀರೆಲ್ಲ ರಾಡಿ, ಮುಂದಿನದು ಕಾಣುತ್ತಿಲ್ಲ. ನಾಳೆ ನಿಪ್ಪಾಣಿಗೆ ಹೋಗಿ ಫಿಲ್ಟರ್ ತರಬೇಕು. ಯಾರೂ ಮುಟ್ಟಬಾರದು ಎಂದೆ.
"ಯಾರ ಮುಟ್ತಾರ್ರಿ ಮೇಡಂ? ನಾ ಇಲ್ಲೇ ಕುಂಡ್ರತೀನಿ" ಅಂದರು ಬಾಬಾಸಾಹೇಬ.

ಏಪ್ರಿಲ್ 24
ನಿನ್ನೆ ಬರೆಯಲಿಲ್ಲ.
ನಿಪ್ಪಾಣಿಯಿಂದ ಬಂದರೆ ತೊಟ್ಟಿ ಬುಸುಬುಸು ಗುಳ್ಳೆ ಬಿಡುತ್ತಿದೆ. ಬಾಬಾಸಾಹೇಬ ಜರಡಿಸಟ್ಟುಗ ಹಿಡಿದು ನೊರೆ ತೆಗೆಯುತ್ತಿದ್ದಾರೆ, ಮುಖ ತುಂಬ ನಗು.
"ಮುಟ್ಟಿಲ್ರಿ! ಬರೇ ಸುಣ್ಣದ ನೀರ ಬಿಟ್ಟೀನಿ. ಕಬ್ಬಿನ ಹಾಲಿಗೆ ಬಿಡ್ತೀವಲ್ರಿ, ಹೊಲಸೆಲ್ಲಾ ಮ್ಯಾಲ ಬರ್ತೈತಿ. ಗಿರಿಜತ್ತಿಗೆ ನಂಬರ ಲಗೂನ ಕಾಣ್ಲಿ ಅಂತ."
ಸುಣ್ಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ನಂಬರು ಬರೆದಿದ್ದ ಬಣ್ಣ ಅದಕ್ಕೂ ಮೊದಲು ಹೋಯಿತು. ಬಾಯಿಗೆ ಬಂದಂತೆ ಬೈದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ತೊಟ್ಟಿ ಖಾಲಿ ಮಾಡಿ ತೊಳೆದು ಹೊಸ ನೀರು ತುಂಬುವಾಗ ಅವರೇ ಕೊಡ ಹೊತ್ತರು. ಕಂಡಿದ್ದ 7 ಕೂಡ ಇಲ್ಲ. ಬೋಳು ಲೋಹ. ಸಿಟ್ಟು ಇಳಿದ ಮೇಲೆ ಅಳು ಬಂತು.

ಏಪ್ರಿಲ್ 25
ಬಾಲ ಉಳಿಯಿತು, ಮ್ಯೂಸಿಯಮ್ಮಿಗೆ ಹೋಗುತ್ತದೆ. ನಂಬರು ಇನ್ನೆಂದೂ ಬರುವುದಿಲ್ಲ. 'ಗುರುತು ಸಿಕ್ಕಿಲ್ಲ' ಎಂದು ರಿಪೋರ್ಟ್ ಕಳಿಸಿದೆ. ಗಿರಿಜವ್ವನಿಗೆ ಯಾರೂ ಹೇಳಿಲ್ಲ. "ನೀವ ಹೇಳ್ರಿ, ನನ್ನ ಬಾಯಿಲೆ ಆಗೂದಿಲ್ರಿ" ಅನ್ನುತ್ತಾರೆ ಬಾಬಾಸಾಹೇಬ.

ಏಪ್ರಿಲ್ 27, ಅಮಾವಾಸ್ಯೆ, ಮಧ್ಯಾಹ್ನ
ಹೋದೆ. ಹೇಳಿದೆ — ನಂಬರು ಅಳಿಸಿಹೋಗಿದೆ, ಯಾರದೆಂದು ಗೊತ್ತಾಗುವುದಿಲ್ಲ. ಒಳಗೆ ಹೂರಣ ಬೇಯುತ್ತಿತ್ತು. ಗಿರಿಜವ್ವ ಬಾಳೆಎಲೆ ತೊಡೆಯ ಮೇಲಿಟ್ಟುಕೊಂಡು ಕೂತರು.
"ಅವ್ವ ಇಡಬ್ಯಾಡ ಅಂದ್ಳು. ನೀ ಗೊತ್ತಿಲ್ಲ ಅಂತಿ. ನನ್ನ ಹಿಂದ ಅಂವಗ ಯಾರ ಇಡೂರವಾ? ಇಡ್ಲ್ಯಾ, ಬಿಡ್ಲ್ಯಾ? ನೀನ ಹೇಳು."
ಬಾಬಾಸಾಹೇಬ ಬಾಗಿಲಲ್ಲಿ, ನೆಲ ನೋಡುತ್ತ.
"ಇಡಿ ಅಜ್ಜಿ."
"ಹಂಗಾರ ಅಂವಂದ ಅನ್ನು. ಒಮ್ಮಿ ಅನ್ನು."
ಅಂದೆ. "ಅವರದೇ ಅಜ್ಜಿ."
ಎಲೆ ಹಾಸಿದರು. ಹೋಳಿಗೆ ಬಡಿಸಿ, "ಉಣ್ಣೋ ಅಣ್ಣಾ" ಎಂದು ಸಣ್ಣ ಹುಡುಗಿಯಂತೆ ಬಾಯಿಬಿಟ್ಟು ಅತ್ತರು. ನನಗೂ ತಡೆಯಲಾಗಲಿಲ್ಲ. ಪೂರ್ತಿ ಸುಳ್ಳೇನಲ್ಲ, ಎರಡರಲ್ಲಿ ಒಂದು ತಾನೇ. ಹೇಳಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಆದರೆ ಆ ಇನ್ನೊಂದು ವಿಮಾನದವನ ಮನೆಯಲ್ಲೂ ಯಾರಾದರೂ ಇನ್ನೂ ಎಡೆ ಇಡದೆ ಕಾಯುತ್ತಿದ್ದರೆ —