ಮೆತ್ತಗಾದ ಕರಾಟೆ ಬಟ್ಟೆ

ಅಕ್ಕಾ,

ನೀನು ಒಳ್ಳೇ ನಿದ್ದೇಲಿದ್ದೆ, ಎಬ್ಬಿಸಲಿಲ್ಲ. ಏರ್‌ಪೋರ್ಟಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ. ನಿನ್ನ ಮಂಡಿ ನೋವಿನ ಮಾತ್ರೆ ಫ್ರಿಜ್ ಮೇಲಿದೆ, ತಿಂಡಿ ತಿಂದ ಮೇಲೇ ತಗೋ.

ಕೋಪ ಇದೆ, ಹೇಳಿಬಿಡ್ತೀನಿ. ಸ್ಪರ್ಧೆಗೆ ಅಂತ ಎತ್ತಿಟ್ಟಿದ್ದ ನನ್ನ ಕರಾಟೆ ಬಟ್ಟೇನ ಆ ಘಮಘಮ ಲಿಕ್ವಿಡ್‌ನಲ್ಲಿ ನೆನೆಸಿ ಹತ್ತಿ ಥರ ಮಾಡಿದ್ದೀಯ. ಕಾಲರ್ ನನ್ನ ಕತ್ತಿಗೆ ಉಜ್ಜುತ್ತೆ ಅಂತ ಮಾಡಿದ್ದು, ಗೊತ್ತು. ಆದರೆ ಬಟ್ಟೆ ಗರಿಗರಿಯಾಗಿದ್ದರೇ ಗುದ್ದಿದಾಗ ತೋಳು ಪಟ್ ಅನ್ನೋದು. ನಾನು ಆಡೋ ಕತಾ ವಿಭಾಗದಲ್ಲಿ ಎದುರಿಗೆ ಯಾರೂ ಇರಲ್ಲ, ಒಬ್ಬಳೇ ಹೊಡೆದಾಡಬೇಕು. ಏಟು ಬಿತ್ತು ಅಂತ ತೀರ್ಪುಗಾರರಿಗೆ ಹೇಳೋದೇ ಆ ಸದ್ದು. ಇನ್ನು ಗಂಜಿ ಹಾಕೋಕೆ ಹೊತ್ತಿಲ್ಲ. ಇರಲಿ, ಬಟ್ಟೆ ಬಾಯಿ ಮುಚ್ಚಿಕೊಂಡರೆ ಕೈಯೇ ಮಾತಾಡುತ್ತೆ.

"ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ" ಅಂತ ಭಾವ ನಿನ್ನೆ ಊಟಕ್ಕೆ ಕೂತಾಗ ಮತ್ತೆ ಆಣಿಮುತ್ತು ಉದುರಿಸಿದರಲ್ಲ. ಕರಾಟೆ ಸಂಘದವರದೂ ಅದೇ ರಾಗ: ಮೂವತ್ತಾರಾಯ್ತು, ಆಡಿದ್ದು ಸಾಕು, ಕೋಚ್ ಕುರ್ಚಿ ಹಿಡಿ. ಭಾವನಿಗೆ ಹೇಳು, ಗಾಳಿಗೆ ಗುದ್ದಿಯೇ ಏಳು ದೇಶ ಕಂಡವಳು ನಾನು. ಇವತ್ತು ಎಂಟನೇದಕ್ಕೆ ಹೊರಟಿದ್ದೀನಿ.

ಇನ್ನೊಂದು. ಹಾಲ್‌ನಲ್ಲಿ ಅಭ್ಯಾಸಕ್ಕೆ ಅಂತ ನಾನು ಗೋಡೆಗೆ ತಳ್ಳಿರೋ ಸೋಫಾನ ಮುಂದಕ್ಕೆ ಎಳೀಬೇಡ. ಕತಾ ಶುರುವಾದ ಜಾಗಕ್ಕೇ ಬಂದು ಮುಗೀಬೇಕು. ಗೆದ್ದರೂ ಸೋತರೂ ಸೋಮವಾರ ಬೆಳಿಗ್ಗೆ ನಾನು ಅಲ್ಲೇ ನಿಂತಿರ್ತೀನಿ. ಭಾವ ಅಲ್ಲೀವರೆಗೆ ಟಿವಿ ಮುಂದೆ ಕುರ್ಚಿ ಹಾಕ್ಕೊಳ್ಳಲಿ.

ಕುರ್ಚಿ ಅವರಿಗೇ ಒಪ್ಪುತ್ತೆ.